ಮಾರಿಕಣಿವೆ ಕೋಡಿ ಬಿತ್ತು, ನಮ್ಮೂರ ಕೆರೆ ಯಾಕೆ ತುಂಬಲಿಲ್ಲ?

ಪ್ರಶ್ನೆ: ಸರ್, ನಮ್ಮದು ಹೊಸದುರ್ಗ ತಾಲ್ಲೂಕು. ಮಾರಿಕಣಿವೆ (ವಾಣಿವಿಲಾಸ ಸಾಗರ) ಅಣೆಕಟ್ಟೆ ಮತ್ತೆ ಮತ್ತೆ ಕೋಡಿ ಬಿದ್ದರೂ ನಮ್ಮೂರ ಕೆರೆಗೆ ಅರ್ಧ ನೀರೂ ಬಂದಿಲ್ಲ. ಮುಂದೆ ಮಳೆ ಜಾಸ್ತಿಯಾಗುತ್ತೆ ಅಂತ ಕಂಪ್ಯೂಟರ್ ಮಾಡೆಲ್ ಹೇಳುತ್ತದಂತೆ. ಅದನ್ನು ನಂಬಿ ಇನ್ನೆರಡು ಎಕರೆ ಅಡಿಕೆ ಹಾಕಬಹುದಾ?

ಉತ್ತರ: ಹಾಕಬೇಡಿ. ಅಂದ್ರೆ, ಬರೀ ಆ ಮಾತು ನಂಬಿ ಹಾಕಬೇಡಿ.

ಮೊದಲು ಮಾರಿಕಣಿವೆ ವಿಷಯ. 1933ರಲ್ಲಿ ಕೋಡಿ ಬಿದ್ದದ್ದು ಬಿಟ್ಟರೆ ಮತ್ತೆ ಬಿದ್ದದ್ದು 2022ರಲ್ಲಿ, 89 ವರ್ಷದ ಮೇಲೆ. ಆಮೇಲೆ 2025ರ ಜನವರಿಯಲ್ಲಿ ಇನ್ನೊಮ್ಮೆ. ಜನ ಇದನ್ನು ನೋಡಿ 'ಕಾಲ ಬದಲಾಯ್ತು' ಅಂದರು. ಆದರೆ ಅದಕ್ಕೆ ನೀರು ತರುವ ವೇದಾವತಿ ನದಿ ಹುಟ್ಟೋದು ಬಾಬಾಬುಡನ್ ಗಿರಿ ಕಡೆ, ಅಲ್ಲಿನ ಮಳೆಯೇ ಬೇರೆ. ಅದರ ಜೊತೆಗೆ ಈಗ ಭದ್ರಾ ಮೇಲ್ದಂಡೆ ಯೋಜನೆಯಲ್ಲಿ ಎತ್ತಿ ಹರಿಸುವ ನೀರೂ ಅಲ್ಲಿಗೆ ಸೇರುತ್ತದೆ. ನಿಮ್ಮೂರ ಕೆರೆಗೆ ಈ ಎರಡೂ ಇಲ್ಲ, ಅಲ್ವಾ?

ಇನ್ನು ಮಾಡೆಲ್. ಮಳೆ ಎಷ್ಟು ಅಂತ ಹೇಳೋದು ಹವಾಮಾನದ ಮಾಡೆಲ್, ಅದರಲ್ಲಿ ಕೆರೆಗೆ ಎಷ್ಟು ಅಂತ ಹೇಳೋದು ನೀರಿನ ಮಾಡೆಲ್. ಈ ಎರಡನೆಯದು ಜ್ಯೋತಿಷ್ಯ ಅಲ್ಲ, ನೀರಿನ ಲೆಕ್ಕದ ಪುಸ್ತಕ ಅಷ್ಟೆ: ಎಷ್ಟು ಬಿತ್ತು, ಎಷ್ಟು ಇಂಗಿತು, ಎಷ್ಟು ಆವಿಯಾಯ್ತು, ಎಷ್ಟು ಹಳ್ಳಕ್ಕೆ ಹರಿಯಿತು. ಒಂದು ಉದಾಹರಣೆ ಕೊಡುತ್ತೇನೆ. ನಮ್ಮ ಕಡೆಯ ಸಾಧಾರಣ ಹೊಲ ಅಂತ ಇಟ್ಟುಕೊಳ್ಳಿ. ಒಂದೇ ದಿನ 60 ಮಿ.ಮೀ. ಬಿದ್ದರೆ ಅದರಲ್ಲಿ ಸುಮಾರು 20 ಮಿ.ಮೀ. ಹರಿದು ಕೆರೆ ಕಡೆ ಹೋಗುತ್ತೆ ಅಂತ ಲೆಕ್ಕ ಹೇಳುತ್ತದೆ. ಅದೇ 60 ಮಿ.ಮೀ. ಬಿಟ್ಟು ಬಿಟ್ಟು ಆರು ದಿನ ಹತ್ತತ್ತು ಬಿದ್ದರೆ? ಕೆರೆಗೆ ಸೊನ್ನೆ. ಎಲ್ಲವೂ ನೆಲಕ್ಕೇ. ಬೆಳೆಗೆ ಒಳ್ಳೇದು, ಕೆರೆಗಲ್ಲ. ಇನ್ನೂ ಮಜಾ ಏನು ಗೊತ್ತಾ, ತಿಂಗಳುಗಟ್ಟಲೆ ಒಣಗಿದ ನೆಲದ ಮೇಲೆ ಆ ಒಂದೇ ದಿನದ 60 ಮಿ.ಮೀ. ಬಿದ್ದರೆ ಹರಿಯೋದು ಐದೋ ಆರೋ ಮಿ.ಮೀ. ಮಾತ್ರ. ವರ್ಷದ ಒಟ್ಟು ಮಳೆ ಇಷ್ಟು ಅಂತ ಹೇಳಿದರೆ ಕೆರೆ ಬಗ್ಗೆ ಏನೂ ಹೇಳಿದಂತಾಗಲ್ಲ.

ಬಿಸಿ ಜಾಸ್ತಿಯಾದರೆ ಗಾಳಿ ಜಾಸ್ತಿ ತೇವ ಹಿಡಿಯುತ್ತದೆ, ಒಂದು ಡಿಗ್ರಿಗೆ ಸುಮಾರು 7%. ಅದಕ್ಕೇ ಸುರಿದರೆ ಒಮ್ಮೆಲೇ ಸುರಿಯುವ ಸಾಧ್ಯತೆ ಹೆಚ್ಚುತ್ತದೆ. ಆದರೆ ಅದೇ ಬಿಸಿಗೆ ಕೆರೆ ನೀರೂ ಬೇಗ ಆರುತ್ತದೆ, ಅಡಿಕೆಗೂ ಬಾಯಾರಿಕೆ ಜಾಸ್ತಿ. ಇನ್ನೊಂದು ತೊಡಕಿದೆ. ಜಗತ್ತಿನ ಹವಾಮಾನದ ಮಾಡೆಲ್‌ಗಳು ಭೂಮಿಯನ್ನು ಚೌಕಗಳಾಗಿ ಹಂಚಿ ಲೆಕ್ಕ ಹಾಕುತ್ತವೆ, ಒಂದೊಂದು ಚೌಕ ಸುಮಾರು 100 ಕಿ.ಮೀ. ಅಗಲ. ಗಿರಿಯ ಮೋಡವೂ ಹೊಸದುರ್ಗದ ಬಿಸಿಲೂ ಒಂದೇ ಚೌಕದೊಳಗೆ ಬಂದು ಸರಾಸರಿಯಾಗಿಬಿಡಬಹುದು. ಅದನ್ನು ಊರಮಟ್ಟಕ್ಕೆ ಇಳಿಸುವ ಲೆಕ್ಕಗಳಿವೆ, ಆದರೆ ಇಳಿಸಿದಷ್ಟೂ ಅನುಮಾನ ಜಾಸ್ತಿ.

ನನಗೆ ಇದಕ್ಕಿಂತ ತಲೆ ತಿನ್ನೋದು ಬೇರೆ. ನೀರಿನ ಮಾಡೆಲ್‌ಗೆ ಹಳೇ ವರ್ಷಗಳ ಮಳೆ, ಹರಿವಿನ ದಾಖಲೆ ಕೊಟ್ಟು ಹೊಂದಿಸುತ್ತೇವೆ. ಹೊಂದಿಸಿದ ಕಾಲದಲ್ಲಿ ನಿಮ್ಮ ಹಳ್ಳಕ್ಕೆ ಚೆಕ್ ಡ್ಯಾಂ ಇರಲಿಲ್ಲ, ಮೇಲಿನ ಹೊಲಗಳಲ್ಲಿ ಕೃಷಿ ಹೊಂಡ ಇರಲಿಲ್ಲ, ಬೋರ್ ಕೊರೆದು ಕೊರೆದು ನೆಲ ಇಷ್ಟು ಒಣಗಿರಲಿಲ್ಲ. ಅದೇ ಮಾಡೆಲ್ ಇಂದು ಓಡಿಸಿದರೆ 'ಕೆರೆ ತುಂಬಬೇಕು' ಅನ್ನುತ್ತದೆ, ಕೆರೆ ನೋಡಿದರೆ ಖಾಲಿ. ತಪ್ಪು ಮಳೆಯದಲ್ಲ, ದಾರಿಯದು. ನಿಮ್ಮಲ್ಲೂ ಹೀಗೇ ಆಗಿರಬಹುದು ಅಂತ ನನ್ನ ಗುಮಾನಿ. ಒಂದ್ಸಲ ಹಳ್ಳದ ಉದ್ದಕ್ಕೂ ಮೇಲಿನವರೆಗೆ ನಡೆದು ನೋಡಿ, ನೀರು ಎಲ್ಲಿ ನಿಂತಿದೆ, ಹಳ್ಳ ಎಲ್ಲಿ ಒತ್ತುವರಿಯಾಗಿದೆ, ಗೊತ್ತಾಗುತ್ತೆ.

ಅಡಿಕೆಗೆ ಬರೋಣ. ಏಪ್ರಿಲ್ ಕೊನೆಯಲ್ಲಿ ನಿಮ್ಮ ಬೋರ್ ನಿಲ್ಲದೆ ಎಷ್ಟು ಗಂಟೆ ನೀರು ಎತ್ತುತ್ತದೆ, ಬರೆದಿಡಿ. ಒಂದು ಒಳ್ಳೇ ವರ್ಷ, ಒಂದು ಕೆಟ್ಟ ವರ್ಷ, ಎರಡೂ ಬೇಕು. ಕೆಟ್ಟ ವರ್ಷದ ನೀರು ಈಗಿರುವ ಗಿಡಕ್ಕೇ ಸಾಲದಿದ್ದರೆ ಆ ಎರಡು ಎಕರೆಗೆ ರಾಗಿಯೋ ತೊಗರಿಯೋ ಹಾಕಿ.