ಸೆಮಿಸ್ಟರ್ ಕೊನೆಯ ಹದಿನೈದು ದಿನ: ನಿಮ್ಮ ಪ್ರಶ್ನೆ, ನಮ್ಮ ಉತ್ತರ

ಈ ಸಲ ಕಲಬುರಗಿ, ಬೀದರ್, ಯಾದಗಿರಿ ಕಡೆಯ ಕಾಲೇಜು ಮಕ್ಕಳಿಂದ ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಪಠ್ಯದ ಮಾತೇ ಇಲ್ಲ. ಕೂಲರ್, ರೊಟ್ಟಿ, ರೂಮಿನ ಅಡ್ವಾನ್ಸು, ಕಟ್ ಆದ ರೊಕ್ಕ, ಇವೇ. ಸರಿಯೇ ಇದೆ. ಪರೀಕ್ಷೆ ಹೊತ್ತಿನಲ್ಲಿ ತಲೆ ಕೆಡಿಸುವುದು ಬಹಳ ಸಲ ಪುಸ್ತಕ ಅಲ್ಲ.

ಪ್ರಶ್ನೆ: ಯುಯುಸಿಎಂಎಸ್‌ನಾಗ (ವಿಶ್ವವಿದ್ಯಾಲಯ, ಕಾಲೇಜುಗಳ ಆನ್‌ಲೈನ್ ಪೋರ್ಟಲ್) ಪರೀಕ್ಷಾ ಶುಲ್ಕ ಕಟ್ಟೀನಿ. ಅಕೌಂಟಿನಿಂದ ರೊಕ್ಕ ಕಟ್ ಆಗ್ಯದ, ಪೋರ್ಟಲ್‌ನಾಗ ಮಾತ್ರ ಇನ್ನೂ ಬಾಕಿ ಅಂತ ತೋರಸ್ಲತ್ತದ. ನಾಳೆ ಕೊನೇ ದಿನ. ಮತ್ತೊಮ್ಮೆ ಕಟ್ಟಬೇಕೇನ್ರಿ?
— ಬಿ.ಎ. ವಿದ್ಯಾರ್ಥಿನಿ, ಆಳಂದ

ಉತ್ತರ: ಇವತ್ತು ಕಟ್ಟಬೇಡಿ. ಮೊದಲು ಯುಪಿಐ ಆ್ಯಪ್ ತೆರೆದು ಆ ವ್ಯವಹಾರದ 12 ಅಂಕಿಯ ಯುಟಿಆರ್ ಸಂಖ್ಯೆ ಬರೆದಿಟ್ಟುಕೊಳ್ಳಿ, ಸ್ಕ್ರೀನ್‌ಶಾಟ್ ತೆಗೆದುಕೊಳ್ಳಿ. ಪೋರ್ಟಲ್‌ನಿಂದ ಲಾಗೌಟ್ ಆಗಿ ಒಂದೆರಡು ತಾಸು ಬಿಟ್ಟು ಮತ್ತೆ ನೋಡಿ. ಕೊನೆಯ ದಿನಗಳಲ್ಲಿ ಸಾವಿರಾರು ಮಂದಿ ಒಟ್ಟಿಗೆ ಕಟ್ಟುವಾಗ ಬ್ಯಾಂಕಿನ ಉತ್ತರ ಪೋರ್ಟಲ್‌ಗೆ ತಡವಾಗಿ ಮುಟ್ಟುತ್ತದೆ, ಅಷ್ಟೇ ಆಗಿರಬಹುದು.

ಬೆಳಗಾದರೂ ಬದಲಾಗದಿದ್ದರೆ ಕಾಲೇಜು ತೆರೆಯುವ ಹೊತ್ತಿಗೇ ಪರೀಕ್ಷಾ ವಿಭಾಗಕ್ಕೆ ಹೋಗಿ ಯುಟಿಆರ್ ತೋರಿಸಿ, ಅವರ ಲಾಗಿನ್‌ನಲ್ಲಿ ಏನಿದೆ ನೋಡಲು ಹೇಳಿ. ಅಲ್ಲೂ ಬಾಕಿ ಅಂತಲೇ ಇದ್ದರೆ ಮಧ್ಯಾಹ್ನದ ಮೇಲೆ ಕಾಯಬೇಡಿ, ಎರಡನೇ ಸಲ ಕಟ್ಟಿಬಿಡಿ. ಎರಡು ಸಲ ಹೋದ ರೊಕ್ಕ ಬೆನ್ನು ಹತ್ತಿದರೆ ಬರುತ್ತದೆ, ತಪ್ಪಿದ ಹಾಲ್ ಟಿಕೆಟ್ ಬರುವುದಿಲ್ಲ. ಯುಪಿಐನಲ್ಲಿ ರೊಕ್ಕ ಕಟ್ ಆಗಿ ಎದುರಿಗಿನವರಿಗೆ ಖಾತ್ರಿ ಮುಟ್ಟದಿದ್ದರೆ, ವ್ಯವಹಾರದ ದಿನ ಬಿಟ್ಟು 5 ದಿನದೊಳಗೆ ತಾನಾಗಿ ಮರಳಬೇಕು, ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ. ಇದು ರಿಸರ್ವ್ ಬ್ಯಾಂಕಿನ 2019ರ ನಿಯಮ. ರೊಕ್ಕ ನಿಜವಾಗಿ ವಿಶ್ವವಿದ್ಯಾಲಯದ ಖಾತೆಗೇ ಬಿದ್ದಿದ್ದರೆ ಮಾತ್ರ ಬ್ಯಾಂಕು ಕೈಯಾಡಿಸುವುದಿಲ್ಲ. ಆಗ ಪರೀಕ್ಷಾ ವಿಭಾಗಕ್ಕೆ ಅರ್ಜಿ ಕೊಡಬೇಕು.

ಶುಲ್ಕ ಕಟ್ಟಿದ ಮೇಲೂ ಕೆಲಸ ಉಳಿದಿರುತ್ತದೆ. ಅರ್ಜಿಯ ಪ್ರಿಂಟ್ ತೆಗೆದು ಪ್ರತಿ ಪತ್ರಿಕೆಯ ಕೋಡ್ ಅನ್ನು ಟೈಮ್‌ಟೇಬಲ್ ಜೊತೆ ಇಟ್ಟು ತಾಳೆ ನೋಡಿ. ಬಿಟ್ಟುಹೋಗುವುದು ಸಾಮಾನ್ಯವಾಗಿ ಎರಡೇ: ಭಾಷಾ ಪತ್ರಿಕೆ ಮತ್ತು ಹಿಂದಿನ ಸೆಮಿಸ್ಟರ್‌ನ ಬ್ಯಾಕ್ ಪತ್ರಿಕೆ. ಕಾಲೇಜಿನವರು ಅರ್ಜಿ ಒಪ್ಪಿದ್ದು ಕಣ್ಣಾರೆ ನೋಡಿ ಊರಿಗೆ ಹೋಗಿ.

ಪ್ರಶ್ನೆ: ವಿಟಿಯು 2022ರ ಸ್ಕೀಮಿನಾಗ ಓದ್ಲತ್ತೀನಿ. ಒಂದು ವಿಷಯದಾಗ ಸಿಐಇ (ಕಾಲೇಜಿನ ಒಳ ಅಂಕ) 50ಕ್ಕ 20 ಬಂದಾವ. ಪರೀಕ್ಷಾದಾಗ 35 ತೆಗೆದ್ರ ಪಾಸ್ ಅಂತ ಗೆಳೆಯರು ಅಂತಾರ. ನಾಕ ದಿನ ಗ್ಯಾಪ್ ಅದ, ಐದು ಮಾಡ್ಯೂಲ್ ಹಂಗೇ ಅದಾವ. ಹ್ಯಾಂಗ ಮಾಡ್ಲಿ?
— ಎಂಜಿನಿಯರಿಂಗ್ ವಿದ್ಯಾರ್ಥಿ, ಬೀದರ್

ಉತ್ತರ: ಗೆಳೆಯರ ಲೆಕ್ಕ ಅರ್ಧ ಸರಿ, ನಿಮ್ಮನ್ನು ಫೇಲ್ ಮಾಡುವುದು ಉಳಿದರ್ಧ. 100ಕ್ಕೆ ಬರೆದ ಪತ್ರಿಕೆಯ ಅಂಕ 50ಕ್ಕೆ ಇಳಿಯುತ್ತದೆ. ಅಲ್ಲಿ 35 ತೆಗೆದರೆ 18 ಆಗಿ ಪರೀಕ್ಷೆಯ ಕನಿಷ್ಠ ದಾಟುತ್ತದೆ, ಖರೆ. ಆದರೆ ಎರಡೂ ಸೇರಿ 40 ಆಗಲೇಬೇಕು. ನಿಮ್ಮ 20ಕ್ಕೆ 18 ಸೇರಿದರೆ 38. ಅಂದರೆ ನಿಮಗೆ 35 ಸಾಲದು, 40ರ ಗುರಿ ಇಟ್ಟುಕೊಳ್ಳಿ. ಸಿಐಇ 22 ಇಲ್ಲವೇ ಹೆಚ್ಚು ಇದ್ದವರಿಗೆ ಮಾತ್ರ ಆ 35 ಸಾಲುತ್ತದೆ. ಪ್ರತಿ ವಿಷಯದ ಮುಂದೆ ಈ ಕೂಡುವ ಲೆಕ್ಕ ಒಮ್ಮೆ ಬರೆದಿಡಿ, ಯಾವುದಕ್ಕೆ ಎಷ್ಟು ದಿನ ಕೊಡಬೇಕು ಅನ್ನುವುದು ಅಲ್ಲೇ ಕಾಣುತ್ತದೆ.

ಪ್ರತಿ ಮಾಡ್ಯೂಲಿಗೆ 20 ಅಂಕದ ಎರಡು ಪ್ರಶ್ನೆ, ಒಂದನ್ನು ಆರಿಸಬೇಕು. ಆಯ್ಕೆ ಮಾಡ್ಯೂಲಿನ ಒಳಗಷ್ಟೇ. ಒಂದನೇ ಪ್ರಶ್ನೆಯ ಎ, ಎರಡನೇ ಪ್ರಶ್ನೆಯ ಬಿ ಕೂಡಿಸಿ 20 ಮಾಡಲು ಬರುವುದಿಲ್ಲ. ಹಾಗಾಗಿ ಒಂದು ಮಾಡ್ಯೂಲ್ ಪೂರ್ತಿ ಬಿಟ್ಟರೆ 20 ಅಂಕ ಹೋದಂತೆ. ಮೂರೇ ಮಾಡ್ಯೂಲ್ ಓದಿ ಹೋದವರ ಕೈಯಲ್ಲಿರುವುದು 60. ಅದರಲ್ಲಿ ತಪ್ಪು, ಅರ್ಧ ಉತ್ತರ ಎಲ್ಲ ಕಳೆದರೆ 40ರ ಅಂಚಿನಲ್ಲೇ ನಿಲ್ಲಬೇಕಾಗುತ್ತದೆ. ಮೊದಲ ಎರಡು ದಿನ ನಿಮಗೆ ಹಗುರ ಅನಿಸುವ ಮೂರು ಮಾಡ್ಯೂಲ್ ಬರೆದು ಕಲಿಯಿರಿ. ಮೂರನೇ ದಿನ ಉಳಿದೆರಡರಲ್ಲಿ ವ್ಯಾಖ್ಯೆ, ಚಿತ್ರ, ಒಂದೊಂದು ಡೆರಿವೇಶನ್ ಇಷ್ಟೇ ನೋಡಿ. ಆರರಿಂದ ಎಂಟು ಅಂಕದ ಉಪಪ್ರಶ್ನೆಗಳು ಅಲ್ಲಿಂದಲೇ ಬರುತ್ತವೆ. ನಾಲ್ಕನೇ ದಿನ ಒಂದು ಹಳೇ ಪತ್ರಿಕೆಯನ್ನು ಗಡಿಯಾರ ಇಟ್ಟುಕೊಂಡು ಮೂರು ತಾಸು ಬರೆಯಿರಿ. ವಿಡಿಯೊ ನೋಡುತ್ತ ತಿಳಿದಂತೆ ಅನಿಸಿದ್ದು ಎಷ್ಟು ತಿಳಿದಿದೆ ಅನ್ನುವುದು ಅವತ್ತು ಗೊತ್ತಾಗುತ್ತದೆ.

ಒಂದು ಪ್ರಶ್ನೆಗೆ 33 ನಿಮಿಷ. ಐದಕ್ಕೆ 165, ಕೊನೆಗೆ 15 ಉಳಿಯುತ್ತದೆ. ಚೆನ್ನಾಗಿ ಬರುವ ಪ್ರಶ್ನೆಗೆ 50 ನಿಮಿಷ ಸುರಿದು ಕೊನೆಯದನ್ನು ಖಾಲಿ ಬಿಡುವವರೇ ಹೆಚ್ಚು. 33 ಆಯಿತೋ, ಅರ್ಧ ಪುಟ ಜಾಗ ಬಿಟ್ಟು ಮುಂದಕ್ಕೆ ಹೋಗಿ.

ಪ್ರಶ್ನೆ: ಮೂರು ಮಂದಿ ಒಂದೇ ರೂಮಿನಾಗ ಇದ್ದೀವ್ರಿ, ಮ್ಯಾಲಿನ ಮಹಡಿ. ತಗಡಿನ ಕೂಲರ್ ಅದ. ಹಚ್ಚಿದ ಅರ್ಧ ತಾಸಿಗೆ ಮೈಯೆಲ್ಲ ಅಂಟಂಟು ಆಗ್ತದ, ತಂಪೇ ಆಗಲ್ಲ. ರಾತ್ರಿ ಓದ್ಲಿಕ್ಕೂ ಆಗವಲ್ದು, ಮಲಗ್ಲಿಕ್ಕೂ ಆಗವಲ್ದು. ಬರಫ್ ಹಾಕಿದ್ರ ಏನಾರ ಉಪಯೋಗ ಅದನ್ರಿ?
— ಬಿ.ಕಾಂ. ವಿದ್ಯಾರ್ಥಿಗಳು, ಕಲಬುರಗಿ

ಉತ್ತರ: ಕೂಲರ್ ಕೆಟ್ಟಿಲ್ಲ, ಇಟ್ಟ ಜಾಗ ಕೆಟ್ಟಿದೆ. ಬಾಗಿಲು, ಕಿಟಕಿ ಮುಚ್ಚಿ ಕೂಲರನ್ನು ಒಳಗೆ ಇಟ್ಟಿದ್ದೀರಿ ಅಲ್ಲವೇ? ಎಸಿಗೆ ಮುಚ್ಚಿದ ಕೋಣೆ ಬೇಕು, ಕೂಲರ್‌ಗೆ ತೆರೆದ ಕೋಣೆ ಬೇಕು. ಹೊರಗಿನ ಒಣ ಗಾಳಿ ಒದ್ದೆ ಪ್ಯಾಡ್ ದಾಟುವಾಗ ನೀರು ಆವಿಯಾಗುತ್ತದೆ, ಆ ಆವಿ ಗಾಳಿಯ ಕಾವನ್ನು ಹೀರುತ್ತದೆ. ಕೋಣೆಯೊಳಗಿನ ಗಾಳಿಯನ್ನೇ ಮತ್ತೆ ಮತ್ತೆ ಎಳೆದರೆ ಅರ್ಧ ತಾಸಿನಲ್ಲಿ ಅದು ಪೂರ್ತಿ ತೇವವಾಗುತ್ತದೆ. ನೀರು ಆವಿಯಾಗುವುದೇ ಇಲ್ಲ, ಬೆವರೂ ಆರುವುದಿಲ್ಲ. ಆ ಅಂಟು ಅದೇ.

ಕೂಲರಿನ ಬೆನ್ನು ಕಿಟಕಿಯ ಹೊರಗೆ ಇರುವಂತೆ ಇಡಿ. ಎದುರಿನ ಬಾಗಿಲೋ ಕಿಟಕಿಯೋ ಒಂದು ಗೇಣು ತೆರೆದಿರಲಿ, ಒಳಗೆ ಬಂದ ಗಾಳಿ ಹೊರಗೆ ಹೋಗಲೇಬೇಕು. ಪಂಪ್ ಮೊದಲು ಹಚ್ಚಿ, ಪ್ಯಾಡ್ ನೆನೆಯಲು ಹತ್ತು ನಿಮಿಷ ಬಿಟ್ಟು ಫ್ಯಾನ್ ಹಚ್ಚಿ.

ಬರಫ್‌ಗೆ ರೊಕ್ಕ ಹಾಕಬೇಡಿ. ಒಂದು ಕಿಲೋ ಬರಫ್ ಕರಗುವಾಗ ಹೀರುವ ಕಾವು ಸುಮಾರು 80 ಕಿಲೋಕ್ಯಾಲರಿ, ಒಂದು ಲೀಟರ್ ನೀರು ಆವಿಯಾಗುವಾಗ ಹೀರುವುದು ಸುಮಾರು 580. ಬರಫ್ ತಂದ ರೊಕ್ಕದಲ್ಲಿ ಹೊಸ ಹುಲ್ಲಿನ ಪ್ಯಾಡ್ ಹಾಕಿಸಿ.

ಇನ್ನು ಬೋರಿನ ನೀರು. ಗಡಸು ನೀರಿನ ಉಪ್ಪು ಪ್ಯಾಡಿನ ಮೇಲೆ ಬಿಳಿ ಪದರಾಗಿ ಕೂಡುತ್ತದೆ, ಮೇಲಿನ ಪೈಪಿನ ಸಣ್ಣ ತೂತುಗಳೂ ಮುಚ್ಚುತ್ತವೆ. ಪ್ಯಾಡನ್ನು ಕೈಯಿಂದ ಮುಟ್ಟಿ ನೋಡಿ. ನಡುನಡುವೆ ಒಣ ಪಟ್ಟಿ ಸಿಕ್ಕರೆ ಅಲ್ಲಿಂದ ಬಿಸಿಗಾಳಿ ನೇರ ಒಳಗೆ ಬರುತ್ತಿದೆ ಎಂದರ್ಥ. ಪೈಪ್ ಬಿಚ್ಚಿ ಪಿನ್ನಿನಿಂದ ತೂತು ಬಿಡಿಸಿ. ನೀರು ಕಡಿಮೆಯಾದಂತೆಲ್ಲ ಮೇಲೆ ಸುರಿಯುತ್ತಲೇ ಹೋದರೆ ತೊಟ್ಟಿಯ ನೀರು ದಿನದಿಂದ ದಿನಕ್ಕೆ ಉಪ್ಪಾಗುತ್ತದೆ. ವಾರಕ್ಕೊಮ್ಮೆ ಪೂರ್ತಿ ಬಸಿದು, ತಿಕ್ಕಿ, ಒಣಗಿಸಿ ಹೊಸ ನೀರು ತುಂಬಿ. ಡೆಂಗಿ ಸೊಳ್ಳೆಯ ಮೊಟ್ಟೆ ಸೊಳ್ಳೆಯಾಗಲು ಎಂಟು-ಹತ್ತು ದಿನ ಸಾಕು, ವಾರದ ಲೆಕ್ಕ ಅದಕ್ಕೂ ಸರಿ. ತೊಟ್ಟಿ ಬತ್ತಿದ ಮೇಲೂ ಪಂಪ್ ಓಡಿದರೆ ಸುಟ್ಟುಹೋಗುತ್ತದೆ, ಮಲಗುವ ಮುಂಚೆ ತುಂಬಿಸಿ.

ತಗಡಿನ ಕೂಲರ್ ಅಂದಿರಿ, ಇದನ್ನು ಮೂವರೂ ಓದಿ. ನೀರು ಸುರಿಯುವ ಮುಂಚೆ ಸ್ವಿಚ್ ಆರಿಸಿ, ಪ್ಲಗ್ಗನ್ನೂ ಕಿತ್ತಿಡಿ. ಮೂರು ಪಿನ್ನಿನ ಪ್ಲಗ್ ಮತ್ತು ಅರ್ಥಿಂಗ್ ಇರುವ ಸಾಕೆಟ್ಟೇ ಬೇಕು. ಎರಡು ಪಿನ್ನಿನ ಎಕ್ಸ್‌ಟೆನ್ಶನ್ ಬೋರ್ಡಿಗೆ ಸಿಕ್ಕಿಸಬೇಡಿ. ಮೈ ಮುಟ್ಟಿದಾಗ ಸ್ವಲ್ಪ ಝುಮ್ ಎಂದರೂ ಎಲೆಕ್ಟ್ರಿಷಿಯನ್ ನೋಡುವವರೆಗೆ ಹಚ್ಚಬೇಡಿ. ಒದ್ದೆ ನೆಲ, ಬರಿಗಾಲು, ತಗಡು, ಈ ಮೂರೂ ಕೂಡಿದರೆ ಜೀವಕ್ಕೇ ಬರುತ್ತದೆ.

ಮೇಲಿನ ಮಹಡಿಯ ಸ್ಲ್ಯಾಬ್ ಹಗಲೆಲ್ಲ ಕಾದು ನಡುರಾತ್ರಿವರೆಗೂ ಕಾವು ಬಿಡುತ್ತಲೇ ಇರುತ್ತದೆ. 42 ಡಿಗ್ರಿ ದಾಟಿದ ದಿನ ರಾತ್ರಿ ಹನ್ನೊಂದರಿಂದ ಎರಡರವರೆಗೆ ಓದುವ ಹಟ ಬಿಡಿ. ಶಹಾಬಾದ್ ಪರಸಿಯ ನೆಲ ಇದ್ದರೆ ಒದ್ದೆ ಅರಿವೆಯಿಂದ ಒರೆಸಿ ಅದರ ಮೇಲೇ ಚಾಪೆ ಹಾಸಿ ಮಲಗಿ, ನಾಲ್ಕೂವರೆಗೆ ಏಳಿ. ಹತ್ತರವರೆಗೆ ಐದೂವರೆ ತಾಸು ಸಿಗುತ್ತದೆ. ಮಳೆ ಬಿದ್ದು ಗಾಳಿ ತೇವವಾದ ಮೇಲೆ ಪಂಪ್ ಬಂದ್ ಮಾಡಿ ಬರೀ ಫ್ಯಾನ್ ಹಚ್ಚಿ.

ಪ್ರಶ್ನೆ: ಊರಿಂದ ಅವ್ವ 40 ಖಡಕ್ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿ ಕಳಸ್ತಾಳ್ರಿ. ಎಂಟು ದಿನಕ್ಕ ರೊಟ್ಟಿಗೆ ಬೂಷ್ಟು ಬರ್ತದ, ಹಿಂಡಿ ಕಮಟು ಹೊಡಿತದ. ಪರೀಕ್ಷಾ ಮುಗಿಯೋತನ ಇಡೋದು ಹ್ಯಾಂಗ?
— ನರ್ಸಿಂಗ್ ವಿದ್ಯಾರ್ಥಿನಿ, ಯಾದಗಿರಿ

ಉತ್ತರ: ತಪ್ಪು ಆಗುತ್ತಿರುವುದು ನಿಮ್ಮ ರೂಮಿನಲ್ಲಲ್ಲ, ಊರಲ್ಲಿ ಕಟ್ಟುವಾಗ. ರೊಟ್ಟಿ ಆರುವ ಮುಂಚೆ ಪ್ಲಾಸ್ಟಿಕ್ ಚೀಲಕ್ಕೆ ಹಾಕಿದರೆ ಬಸ್ಸಿನ ಝಳಕ್ಕೆ ಒಳಗೇ ಬೆವರುತ್ತದೆ. ಬೇಯಿಸಿದ ರೊಟ್ಟಿಯನ್ನು ಸಣ್ಣ ಉರಿಯಲ್ಲಿ ಇನ್ನೊಮ್ಮೆ ಒಣಗಿಸಬೇಕು. ನಡುವೆ ಮುರಿದರೆ ಬಾಗದೆ ಕಟ್ ಅನ್ನಬೇಕು. ಅಂಚು ಒಣಗಿ ನಡು ಮೆತ್ತಗಿದ್ದ ರೊಟ್ಟಿಗೇ ಬೂಷ್ಟು ಮೊದಲು ಬರುವುದು. ಆಮೇಲೆ ಅರಿವೆಯ ಮೇಲೆ ಹರಡಿ ಎರಡು-ಮೂರು ತಾಸು ಆರಿಸಿ, ಹತ್ತಿ ಅರಿವೆಯಲ್ಲಿ ಸುತ್ತಿ ರಟ್ಟಿನ ಪೆಟ್ಟಿಗೆಗೆ ಹಾಕಲು ಅವ್ವಗೆ ಹೇಳಿ. ನಿಮ್ಮಲ್ಲಿ ಬಂದ ಮೇಲೆ ತಗಡಿನ ಡಬ್ಬಿ, ಕೂಲರ್ ಗಾಳಿ ತಾಕದ ಜಾಗ.

ಹಿಂಡಿಗೆ ಕಾಲು ಕಿಲೋ ಶೇಂಗಾ, ಎಂಟು-ಹತ್ತು ಎಸಳು ಬಳ್ಳೊಳ್ಳಿ, ಒಂದು ಚಮಚ ಜೀರಿಗಿ, ಎರಡು ಚಮಚ ಕೆಂಪು ಖಾರ, ರುಚಿಗೆ ಉಪ್ಪು. ಶೇಂಗಾ ಸಣ್ಣ ಉರಿಯಲ್ಲಿ ಒಳಗಿನವರೆಗೂ ಹುರಿದು, ಆರಿದ ಮೇಲೆ ಸಿಪ್ಪಿ ತೆಗೆದು ತರಿತರಿಯಾಗಿ ಕುಟ್ಟಬೇಕು. ಹಸಿ ಬಳ್ಳೊಳ್ಳಿ ಹಾಕಿದರೆ ರುಚಿ ಹೆಚ್ಚು, ಆಯುಷ್ಯ ಕಡಿಮೆ. ದಿನಗಟ್ಟಲೆ ಇಡುವುದಾದರೆ ಬಳ್ಳೊಳ್ಳಿಯನ್ನೂ ನೀರಿನಂಶ ಹೋಗುವಂತೆ ಬಿಸಿ ಹಂಚಿನ ಮೇಲೆ ಬಾಡಿಸಿ. ಮಿಕ್ಸಿಯಲ್ಲಿ ಬಹಳ ತಿರುವಿದರೆ ಶೇಂಗಾ ಎಣ್ಣೆ ಬಿಡುತ್ತದೆ, ಆ ಎಣ್ಣೆಗೆ ಗಾಳಿ, ಬಿಸಿಲು ತಾಕಿದಾಗ ಕಮಟು ಬರುತ್ತದೆ. ಎರಡು ಸಣ್ಣ ಡಬ್ಬಿಗೆ ಹಂಚಿ ಒಂದನ್ನು ತೆರೆಯದೆ ಇಡಿ. ಒದ್ದೆ ಚಮಚ ಬೇಡವೇ ಬೇಡ.

ರೊಟ್ಟಿ ಮೆತ್ತಗೆ ಬೇಕಿದ್ದರೆ ನೀರು ಚಿಮುಕಿಸಿ ಐದು ನಿಮಿಷ ಮುಚ್ಚಿಡಿ. ಹಿಂಡಿಗೆ ಮೊಸರು, ಪಕ್ಕಕ್ಕೆ ಉಳ್ಳಾಗಡ್ಡಿ. ಪರೀಕ್ಷೆಯ ಬೆಳಗ್ಗೆ ಮಿರ್ಚಿ-ಸುಸಲಾಕ್ಕಿಂತ ಹೊಟ್ಟೆಗೆ ಇದೇ ಹಗುರ. ಮಿರ್ಚಿ ಪತ್ರಿಕೆ ಬರೆದ ಮೇಲೆ ತಿನ್ನಿ.

ಪ್ರಶ್ನೆ: ಪರೀಕ್ಷಾ ಮುಗಿದ ಮ್ಯಾಲೆ ರೂಮ್ ಖಾಲಿ ಮಾಡ್ಲತ್ತೀವಿ. ಅಡ್ವಾನ್ಸ್ ವಾಪಸ್ ಬರಬೇಕಾದ್ರ ಏನ್ ಮಾಡಬೇಕು?
— ಎಂ.ಎ. ವಿದ್ಯಾರ್ಥಿ, ಕಲಬುರಗಿ

ಉತ್ತರ: ಕರಾರಿನಲ್ಲಿ ಎಷ್ಟು ದಿನ ಮುಂಚೆ ಹೇಳಬೇಕು ಅಂತಿದೆ ನೋಡಿ, ಬಹುತೇಕ ಒಂದು ತಿಂಗಳು. ಬಾಯಿ ಮಾತು ಬೇಡ, ಮಾಲೀಕರಿಗೆ ವಾಟ್ಸ್ಆ್ಯಪ್‌ನಲ್ಲಿ ತಾರೀಖು ಹಾಕಿ ಕಳಿಸಿ. ಕೀಲಿ ಕೊಡುವ ದಿನ ಮಾಲೀಕರ ಎದುರೇ ಗೋಡೆ, ನಳ, ಸ್ವಿಚ್ ಬೋರ್ಡು ಮತ್ತು ವಿದ್ಯುತ್ ಮೀಟರಿನ ಅಂಕಿಯ ಫೋಟೊ ತೆಗೆಯಿರಿ.

ಎಲ್ಲರೂ ಮರೆಯುವುದು ಗೃಹಜ್ಯೋತಿ. ಆ ಮೀಟರಿಗೆ ನಿಮ್ಮಲ್ಲಿ ಒಬ್ಬರ ಆಧಾರ್ ಜೋಡಿಸಿದ್ದರೆ, ಬಿಡುವ ಮುಂಚೆ ಸೇವಾ ಸಿಂಧುವಿನಲ್ಲಿ ಡಿ-ಲಿಂಕ್ ಮಾಡಬೇಕು. ಇಲ್ಲದಿದ್ದರೆ ಮುಂದಿನ ರೂಮಿನ ಮೀಟರಿಗೆ ನಿಮ್ಮ ಆಧಾರ್ ಜೋಡಿಸಲು ಬರುವುದಿಲ್ಲ, ಇಲ್ಲಿ ಬಂದವರಿಗೂ ತೊಡಕು. ಆಧಾರ್‌ಗೆ ಕೊಟ್ಟ ಮೊಬೈಲಿಗೆ ಒಟಿಪಿ ಬರುತ್ತದೆ, ಆ ಗೆಳೆಯ ಊರಿಗೆ ಹೋಗುವ ಮುಂಚೆಯೇ ಮುಗಿಸಿ.

ಕೊನೆಯ ಬಿಲ್ಲು ಜಗಳಕ್ಕೆ ಮೂಲ, ಯಾಕೆಂದರೆ ಅದು ಬೇಸಿಗೆಯ ಬಿಲ್ಲು. 180 ವ್ಯಾಟಿನ ಕೂಲರ್ ದಿನಕ್ಕೆ ಹತ್ತು ತಾಸು ಓಡಿದರೆ ತಿಂಗಳಿಗೆ 54 ಯೂನಿಟ್. ಉಚಿತ ಯೂನಿಟ್ ಹಿಂದಿನ ಸರಾಸರಿ ಬಳಕೆಯ ಮೇಲೆ ನಿಗದಿ. ಅದನ್ನು ದಾಟಿದರೆ ಹೆಚ್ಚಾದಷ್ಟಕ್ಕೆ ಕಟ್ಟಬೇಕು, 200 ದಾಟಿದರೆ ಪೂರ್ತಿ ಬಿಲ್ಲು. ಇದನ್ನು ಮೊದಲೇ ರೂಮಿನವರೆಲ್ಲ ಹಂಚಿಕೊಂಡರೆ ಅಡ್ವಾನ್ಸಿನಲ್ಲಿ ಮುರಿದುಕೊಳ್ಳುವ ಮಾತೇ ಬರುವುದಿಲ್ಲ.

ಪ್ರಶ್ನೆ: ಎಸ್‌ಎಸ್‌ಪಿಯಾಗ (ರಾಜ್ಯದ ವಿದ್ಯಾರ್ಥಿವೇತನ ಪೋರ್ಟಲ್) ಸ್ಕಾಲರ್‌ಶಿಪ್ ಮಂಜೂರ್ ಅಂತ ಅದ, ರೊಕ್ಕ ಬಂದಿಲ್ಲ.
— ಬಿ.ಎಸ್ಸಿ. ವಿದ್ಯಾರ್ಥಿ, ಸುರಪುರ

ಉತ್ತರ: ನೀವು ನೋಡುತ್ತಿರುವ ಪಾಸ್‌ಬುಕ್ಕೇ ಬೇರೆ ಇರಬಹುದು. ರೊಕ್ಕ ಹೋಗುವುದು ಆಧಾರ್ ಸೀಡ್ ಆಗಿರುವ, ಅಂದರೆ ಆಧಾರ್ ಜೋಡಿಸಿರುವ ಖಾತೆಗೆ. ಆಧಾರ್ ವೆಬ್‌ಸೈಟಿಗೆ ಲಾಗಿನ್ ಆಗಿ ಬ್ಯಾಂಕ್ ಸೀಡಿಂಗ್ ಸ್ಥಿತಿ ನೋಡಿದರೆ ಯಾವ ಬ್ಯಾಂಕು ಎಂದು ತೋರಿಸುತ್ತದೆ. ಎರಡು ವರ್ಷ ವ್ಯವಹಾರ ಮಾಡದ ಖಾತೆ ನಿಷ್ಕ್ರಿಯವಾಗಿರುತ್ತದೆ, ಹಾಗಿದ್ದರೆ ಬ್ಯಾಂಕಿಗೆ ಹೋಗಿ ಕೆವೈಸಿ ಕೊಡಿ.

ಪ್ರಶ್ನೆ: ಕಲಬುರಗಿ ಹಾಸ್ಟೆಲಿಂದ ಬೀದರ್‌ಗೆ ಹೋಗಿ, ಅಲ್ಲಿಂದ ಹೈದರಾಬಾದಿಗೆ ಅಕ್ಕನ ಮನೆಗೆ ಹೋಗಬೇಕು. ಶಕ್ತಿ ಯೋಜನೆ ನಡೀತದೇನ್ರಿ?
— ಬಿ.ಎಡ್. ವಿದ್ಯಾರ್ಥಿನಿ, ಕಲಬುರಗಿ

ಉತ್ತರ: ಬೀದರ್‌ತನಕ ಕೆಕೆಆರ್‌ಟಿಸಿಯ ಸಾಮಾನ್ಯ, ವೇಗದೂತ ಬಸ್ಸಿನಲ್ಲಿ ನಡೆಯುತ್ತದೆ, ಕರ್ನಾಟಕದ ವಿಳಾಸ ಇರುವ ಗುರುತಿನ ಚೀಟಿ ಇರಲಿ. ಹೈದರಾಬಾದಿನ ಬಸ್ಸು ಅಂತರರಾಜ್ಯ, ಅಲ್ಲಿ ಟಿಕೆಟ್ ತೆಗೆಯಲೇಬೇಕು. ಹಾಸಿಗೆ, ಟ್ರಂಕು, ಪುಸ್ತಕದ ಚೀಲ ಎಲ್ಲ ಇದ್ದರೆ ಹುಮನಾಬಾದ್ ಮೇಲೆ ಹೋಗುವ ಬೀದರ್ ರೈಲು ನೋಡಿ. 2017ರಲ್ಲಿ ಶುರುವಾದ ಮಾರ್ಗ, ಸುಮಾರು 110 ಕಿಲೋಮೀಟರ್. ರೈಲಿಗೆ ಶಕ್ತಿ ಇಲ್ಲ, ಆದರೆ ಟ್ರಂಕಿಗೆ ಜಾಗ ಇರುತ್ತದೆ.