ಸೂಪ್ ದಪ್ಪ ಯಾಕೆ ಆಗ್ಬೇಕು ಮಾರಾಯ್ರೆ?

ಲೋ ಕಾರ್ಬ್, ಅಂದ್ರೆ ಮೈಯಲ್ಲಿ ಸಕ್ಕರೆ ಆಗುವ ಪಿಷ್ಟ ಕಡಿಮೆ ಇರುವ, ಚಿಕನ್ ಸೂಪಿಗೆ ಕಾರ್ನ್‌ಫ್ಲೋರ್ ಬದಲು ಓಟ್ಸ್ ಹಾಕಿದ್ರೆ ದಪ್ಪ ಬರ್ತದಾ ಅಂತ ಕೇಳಿದ್ದೀರಿ. ಬರ್ತದೆ. ಆದ್ರೆ ದಪ್ಪ ಯಾಕೆ ಬೇಕು? ಇದೇ ದಪ್ಪದ ಹುಚ್ಚಲ್ಲಿ ಎರಡು ತಿಂಗಳು ಹಾಳು ಮಾಡಿಕೊಂಡವ ನಾನು.

2021ರಲ್ಲಿ ನಂಗೆ ಶುಗರ್ ಬಂತು. ಡಾಕ್ಟ್ರು ಅನ್ನ ಕಡಿಮೆ ಮಾಡಿ ಅಂದ್ರು, ನಾವು ಮಂಗಳೂರಿನವರು, ಮಧ್ಯಾಹ್ನ ಕುಚ್ಚಲಕ್ಕಿ ರಾತ್ರಿ ಗಂಜಿ, ಬಿಡುದು ಹೇಗೆ? ಆದ್ರೂ ಗಂಜಿ ನಿಲ್ಲಿಸಿ ರಾತ್ರಿಗೆ ಚಿಕನ್ ಸೂಪ್ ಶುರು ಮಾಡಿದೆ. ಬೋನ್‌ಲೆಸ್ ತಂದು ಕುಕ್ಕರಲ್ಲಿ ನಾಲ್ಕು ವಿಸಿಲ್. ಬರೀ ಸಪ್ಪೆ ನೀರು. ಹೊಟೇಲಿನ ಸೂಪ್ ಚಮಚದಿಂದ ಮೆಲ್ಲ ಇಳಿತದಲ್ಲ, ಹಾಗೇ ಇರ್ಬೇಕು ಅಂತ ನನ್ನ ತಲೆಯಲ್ಲಿ, ಮೂರು ಟೇಬಲ್ ಸ್ಪೂನ್ ಕಾರ್ನ್‌ಫ್ಲೋರ್ ಕಲಸಿ ಹೊಯ್ದೆ, ಸಾಲದ್ದಕ್ಕೆ ಒಂದು ಬಟಾಟೆ.

ಊಟ ಆಗಿ ಎರಡು ಗಂಟೆಗೆ ಬೆರಳು ಚುಚ್ಚಿ ನೋಡಿದ್ರೆ ಶುಗರ್ 210. ಗಂಜಿ ಕುಡಿತಿದ್ದಾಗಲೂ ಅಷ್ಟೇ! ಮೀಟರ್ ಹಾಳಾಗಿದೆ ಅಂತ ಹೊಸ ಮೀಟರ್ ತಂದೆ, ಆಮೇಲೆ ಮಾತ್ರೆಯೂ ಒಂದು ಜಾಸ್ತಿ ಆಯ್ತು. ಕೊನೆಗೆ ಹೆಂಡತಿ ಕೇಳಿದ್ಲು, "ನೀವು ದಿನಾ ಹಾಕುದು ಎಂತ ಬಿಳಿ ಪುಡಿ ಅದು?"

ಕಾರ್ನ್‌ಫ್ಲೋರಿಗೆ ಸಿಹಿ ಇಲ್ಲ, ರುಚಿ ಇಲ್ಲ, ಸೂಪಲ್ಲಿ ಕಣ್ಣಿಗೂ ಕಾಣುದಿಲ್ಲ, ಹಾಗಾಗಿ ನಾನು ಅದನ್ನು ಲೆಕ್ಕಕ್ಕೇ ಹಿಡಿದಿರ್ಲಿಲ್ಲ. ಮೆಕ್ಕೆಜೋಳದ ನಾರು, ಪ್ರೋಟೀನು ಎಲ್ಲ ತೆಗೆದ ಮೇಲೆ ಉಳಿಯುವ ಬರೀ ಪಿಷ್ಟ ಅದು. ಒಂದು ಟೇಬಲ್ ಸ್ಪೂನ್ ಅಂದ್ರೆ ಸುಮಾರು 8 ಗ್ರಾಂ, ಅದ್ರಲ್ಲಿ 7 ಗ್ರಾಂ ಕಾರ್ಬ್, ಮೂರಕ್ಕೆ 21. ಬಟಾಟೆಯಲ್ಲಿ 100 ಗ್ರಾಮಿಗೆ ಸುಮಾರು 17. ಇಡೀ ಪಾತ್ರೆ ಕುಡಿಯುದು ನಾನೊಬ್ಬನೇ. ಬಿಟ್ಟ ಗಂಜಿಯಲ್ಲಿ ಅಷ್ಟಿತ್ತೋ ಇಲ್ವೋ! ನಿಮ್ಮ ಓಟ್ಸಲ್ಲೂ 100 ಗ್ರಾಮಿಗೆ 60ರ ಮೇಲೆ ಕಾರ್ಬ್ ಉಂಟು, ಹೆಸರು ಮಾತ್ರ ಆರೋಗ್ಯದ್ದು.

ಬೋನ್‌ಲೆಸ್ ಬಿಡಿ. ಅರ್ಧ ಕೆಜಿ ಕಾಲು, ಕುತ್ತಿಗೆ, ಬೆನ್ನಿನ ಎಲುಬು ತನ್ನಿ, ಊರ ಕೋಳಿ ಸಿಕ್ಕಿದ್ರೆ ಇನ್ನೂ ಒಳ್ಳೆದು. ಒಂದೂವರೆ ಲೀಟರ್ ತಣ್ಣೀರಲ್ಲಿ ಇಟ್ಟು, ನೊರೆ ತೆಗೆದು, ಶುಂಠಿ, ಬೆಳ್ಳುಳ್ಳಿ, ಜಜ್ಜಿದ ಒಳ್ಳೆಮೆಣಸು (ಕಾಳುಮೆಣಸು), ಒಂದು ಸಣ್ಣ ನೀರುಳ್ಳಿ ಹಾಕಿ ಸಣ್ಣ ಬೆಂಕಿಯಲ್ಲಿ ಒಂದೂವರೆ ಗಂಟೆ, ಊರ ಕೋಳಿಗೆ ಎರಡೂವರೆಯೂ ಬೇಕಾದೀತು. ಎಲುಬಿನ ಅಂಟು, ಅದೇ ಜೆಲಾಟಿನ್, ನೀರಿಗೆ ಇಳಿತದೆ, ಫ್ರಿಜ್ಜಲ್ಲಿಟ್ರೆ ಬೆಳಿಗ್ಗೆ ಜೆಲ್ಲಿ ಆಗಿರ್ತದೆ, ಮೇಲಿನ ಕೊಬ್ಬು ಬೇಡದವರು ಆಗ ತೆಗಿಬಹುದು. ತುಟಿಗೆ ಅಂಟುವ ಆ ಸೂಪ್ ಕುಡಿದ ಮೇಲೆ ಕಾರ್ನ್‌ಫ್ಲೋರ್ ನೆನಪೇ ಆಗುದಿಲ್ಲ.

ದಪ್ಪ ಬೇಕೇಬೇಕಾ? ಕುದಿಯುವಾಗ ಒಂದು ಮೊಟ್ಟೆ ಕದಡಿ ಸಣ್ಣ ಧಾರೆಯಲ್ಲಿ ಹೊಯ್ಯಿರಿ. ಇಲ್ಲಾಂದ್ರೆ ಹಿತ್ತಲಿನ ಬಸಳೆ ಎಲೆ ನಾಲ್ಕು ಹೆಚ್ಚಿ ಹಾಕಿ, ಅದ್ರ ಲೋಳೆಯೇ ಸಾಕು. ನಿಂಬೆರಸ ಇಳಿಸಿದ ಮೇಲೆ. ಪ್ಯಾಕೆಟ್ ಸೂಪ್ ಮಾತ್ರ ಮುಟ್ಬೇಡಿ, ಹಿಂದಿನ ಸಣ್ಣ ಅಕ್ಷರ ಓದಿ ನೋಡಿ, ಹಿಟ್ಟು ಸಕ್ಕರೆ ಎರಡೂ ಇರ್ತದೆ ಹೆಚ್ಚಿನದ್ರಲ್ಲಿ. ಮತ್ತೆ ಇನ್ಸುಲಿನ್ ಅಥವಾ ಶುಗರ್ ಮಾತ್ರೆ ಉಂಟಾದ್ರೆ ಒಮ್ಮೆಲೇ ಅನ್ನ ಬಿಡ್ಬೇಡಿ, ಶುಗರ್ ತೀರಾ ಇಳಿದು ತಲೆ ತಿರುಗಬಹುದು, ಡಾಕ್ಟ್ರ ಹತ್ರ ಡೋಸ್ ಕೇಳಿಯೇ ಶುರು ಮಾಡಿ.

ಹಾಂ, ಸೂಪಿಗೆ ಕೋರಿ ರೊಟ್ಟಿ ಮುರಿದು ಹಾಕ್ಬೇಡಿ, ಅದೂ ಅಕ್ಕಿಯೇ. ಅದನ್ನೂ ಮಾಡಿದವ ನಾನು.