ಶಿಷ್ಯ ಸೋತರೆ ಗುರುವಿನ ಜೇಬಿಗೂ ಕತ್ತರಿ

ಕುಮಟಾ ಕಡೆಯ ನಿವೃತ್ತ ಅಕ್ಕೋರೊಬ್ಬರ, ಅಂದರೆ ಶಾಲಾ ಶಿಕ್ಷಕಿಯೊಬ್ಬರ, ಪತ್ರ ಬಂದಿದೆ. ಹೆಸರು ಹಾಕಬೇಡಿ ಅಂದಿದ್ದಾರೆ, ಹಾಕುವುದಿಲ್ಲ. ಪತ್ರದ ಸಾರ ಇಷ್ಟು: "‘ಡೀಲ್’ ಎಂಬ ಇಸ್ಪೀಟಿನ ಸಿನಿಮಾವನ್ನು ಹೋದ ಸಂಚಿಕೆಯಲ್ಲಿ ಹೊಗಳಿದ್ದೀರಿ. ಕಾನೂನು ಓದುವ ಹುಡುಗನಿಗೆ ಜೂಜು ಕಲಿಸುವ ಮುದುಕನನ್ನು ಗುರು ಅಂತ ಕರೆದಿದ್ದೀರಿ. ಮೂವತ್ತು ವರ್ಷ ಪಾಠ ಮಾಡಿದ ನನಗೆ ಅದು ಚುಚ್ಚಿತು. ಸಿನಿಮಾ ಅರ್ಧ ನೋಡಿ ಟಿವಿ ಆರಿಸಿದೆ. ನಿಮಗೆ ಬೇರೆ ಗುರುಗಳು ಸಿಗಲಿಲ್ಲವೇ?"

ಅಕ್ಕೋರೇ, ನಮಸ್ಕಾರ. ನಿಮ್ಮ ಅಕ್ಷರ ನೋಡಿಯೇ ಅರ್ಧ ಸೋತೆ. ಇನ್ನರ್ಧಕ್ಕೆ ಮಾತ್ರ ಜಗಳ ಇದೆ.

ಮೊದಲು ನಿಮ್ಮ ಮಾತು ಒಪ್ಪಿಬಿಡುತ್ತೇನೆ. ಜೂಜು ಮನೆ ಹಾಳು ಮಾಡುತ್ತದೆ. ಅಂದರ್ ಬಾಹರ್‌ನಲ್ಲಿ ತೋಟ ಕಳೆದವರ ಕತೆ ನಮ್ಮ ಜಿಲ್ಲೆಯಲ್ಲೂ ಬೇಕಾದಷ್ಟಿದೆ. ಮೊಬೈಲಿನಲ್ಲಿ ದುಡ್ಡು ಕಟ್ಟಿ ಆಡುವುದನ್ನು ಕೇಂದ್ರ ಸರ್ಕಾರ 2025ರಲ್ಲಿ ಕಾಯಿದೆ ತಂದು ನಿಷೇಧಿಸಿತು. ಒಳ್ಳೆಯದೇ ಆಯಿತು. ಆಯ್ತಲ್ಲ? ಈಗ ಸಿನಿಮಾಕ್ಕೆ ಬರೋಣ.

ಅದು ದೊಡ್ಡ ಸಿನಿಮಾ ಅಂತ ನಾವೂ ಹೇಳಿಲ್ಲ. 2008ರಲ್ಲಿ ಬಂದಾಗ ಅಮೆರಿಕದ ವಿಮರ್ಶಕರು ಚೆನ್ನಾಗಿಯೇ ಝಾಡಿಸಿದ್ದರು. ಆದರೆ ಹಾಲಿವುಡ್ ನಟ ಬರ್ಟ್ ರೆನಾಲ್ಡ್ಸ್ ಮಾಡಿದ ಆ ಮುದುಕನನ್ನು ನೋಡಿ. ಹೆಂಡತಿಗಾಗಿ ವರ್ಷಗಟ್ಟಲೆ ಇಸ್ಪೀಟಿನ ಎಲೆ ಮುಟ್ಟದೆ ಇದ್ದವನು. ಹುಡುಗ ಕಂಪ್ಯೂಟರಿನಲ್ಲಿ ಆಡಿ ಪಳಗಿದವನು. ಲೆಕ್ಕ ಪಕ್ಕಾ, ಎದುರಿಗೆ ಕೂತವನ ಮುಖ ಓದಲು ಮಾತ್ರ ಬರುವುದಿಲ್ಲ. ಮುದುಕ ಕಲಿಸುವುದು ಅದನ್ನು.

ಆಟ ಗೊತ್ತಿಲ್ಲದವರಿಗೆ ಒಂದು ಮಾತು. ಈಗ ಜಾಸ್ತಿ ಆಡುವ ಟೆಕ್ಸಾಸ್ ಹೋಲ್ಡೆಮ್ ಪೋಕರ್‌ನಲ್ಲಿ ನಿಮ್ಮ ಕೈಗೆ ಬರುವುದು ಎರಡೇ ಎಲೆ. ಇನ್ನೈದು ಎಲ್ಲರಿಗೂ ಸೇರಿ ಮೇಜಿನ ಮೇಲೆ ಬೀಳುತ್ತವೆ, ಮೊದಲು ಮೂರು, ಆಮೇಲೆ ಒಂದು, ಆಮೇಲೆ ಇನ್ನೊಂದು. ಪ್ರತಿ ಹಂತದಲ್ಲೂ ದುಡ್ಡು ಹಾಕುವುದಾ, ಎಲೆ ಬಿಸಾಡಿ ಆ ಕೈಯಿಂದ ಹೊರಗಾಗುವುದಾ ಅಂತ ತೀರ್ಮಾನ ಮಾಡಬೇಕು. ಕೈಗೆ ಜೋಡಿ ಎಕ್ಕ ಬರುವುದು ಸರಾಸರಿ 221 ಸಲಕ್ಕೆ ಒಮ್ಮೆ. ಉಳಿದ 220 ಸಲ ಏನು ಮಾಡುತ್ತೀರಿ? ಹೆಚ್ಚಿನ ಸಲ ಎಲೆ ಕೆಳಗಿಟ್ಟು ಸುಮ್ನೆ ಕೂರಬೇಕು. ಕೂತು ನೋಡಬೇಕು, ಎದುರಿನವನು ಯಾವಾಗ ದುಡ್ಡಿನ ಬದಲು ಇಡುವ ಬಿಲ್ಲೆ ಮುಟ್ಟುತ್ತಾನೆ, ಯಾವಾಗ ನೀರು ಕುಡಿಯುತ್ತಾನೆ, ಯಾವಾಗ ಇದ್ದಕ್ಕಿದ್ದಂತೆ ಮಾತು ಜಾಸ್ತಿ ಮಾಡುತ್ತಾನೆ. ಇದಕ್ಕೆ ಪಕ್ಕದಲ್ಲಿ ಒಬ್ಬ ಹಳಬ ಬೇಕು. ಆಟ ಮುಗಿದ ಮೇಲೆ "ಅಲ್ಲಿ ಯಾಕೆ ದುಡ್ಡು ಹಾಕಿದೆ ಮಾರಾಯ" ಅಂತ ಬಯ್ಯಲು ಬೇಕು.

ಆನ್‌ಲೈನ್‌ನಲ್ಲಿ ಆಡಿಯೇ 2003ರ ಪೋಕರ್ ವಿಶ್ವ ಸರಣಿಗೆ ಹೋಗಿ 25 ಲಕ್ಷ ಡಾಲರ್ ಗೆದ್ದ ಕ್ರಿಸ್ ಮನಿಮೇಕರ್ ಎಂಬ ಅಕೌಂಟೆಂಟ್ ಇದ್ದಾನಲ್ಲ ಸರ್ ಅಂತ ನಮ್ಮ ಕಚೇರಿಯ ಹುಡುಗ ತಗಾದೆ ತೆಗೆದ. ಇದ್ದಾನೆ. ಒಬ್ಬನಿಗೆ ಆಯಿತು ಅಂತ ಊರಿಗೆಲ್ಲ ಆಗುತ್ತಾ ಅಂತ ಕೇಳಿದೆ. ಅವನು ಮೊಬೈಲ್ ನೋಡಲು ಹೋದ.

ಜೂಜು ಕಲಿಸುವವನು ಗುರು ಹೇಗೆ ಅಂತ ಕೇಳಿದ್ದೀರಿ. ಅಕ್ಕೋರೇ, ಮಹಾಭಾರತದ ವನಪರ್ವ ಒಮ್ಮೆ ತೆಗೆಯಿರಿ. ಮೈಯಲ್ಲಿ ಕಲಿ ಹೊಕ್ಕು ಜೂಜಿನಲ್ಲಿ ರಾಜ್ಯ ಕಳೆದ ನಳ, ಬಾಹುಕ ಎಂಬ ಹೆಸರಿನಲ್ಲಿ ವೇಷ ಮರೆಸಿಕೊಂಡು ಅಯೋಧ್ಯೆಯ ರಾಜ ಋತುಪರ್ಣನ ರಥ ಓಡಿಸುತ್ತಿದ್ದಾನೆ. ದಾರಿಯಲ್ಲಿ ಋತುಪರ್ಣ ಒಂದು ತಾರೆ ಮರ ನೋಡಿ ಅದರ ಎಲೆ, ಕಾಯಿಯ ಲೆಕ್ಕ ಹೇಳುತ್ತಾನೆ. ನಳ ನಂಬುವವನಲ್ಲ. ರಥ ನಿಲ್ಲಿಸಿ, ಮರ ಕಡಿದು, ಎಣಿಸಿ ನೋಡುತ್ತಾನೆ. ಲೆಕ್ಕ ಸರಿ! ಅಲ್ಲೇ ವಿದ್ಯೆಯ ವಿನಿಮಯ ಆಗುತ್ತದೆ, ನೀನು ನನಗೆ ಅಶ್ವಹೃದಯ ಕೊಡು, ನಾನು ನಿನಗೆ ಅಕ್ಷಹೃದಯ ಕೊಡುತ್ತೇನೆ ಅಂತ. ಅಶ್ವಹೃದಯ ಅಂದರೆ ಕುದುರೆಯ ಮರ್ಮ, ಅಕ್ಷಹೃದಯ ಅಂದರೆ ದಾಳದ ಮರ್ಮ. ದಾಳದ ಮರ್ಮ ಒಳಗೆ ಹೋದ ಕೂಡಲೇ ನಳನ ಮೈಯಿಂದ ಕಲಿ ಹೊರಗೆ ಬಿದ್ದು ಅದೇ ಮರ ಸೇರಿಕೊಳ್ಳುತ್ತಾನೆ. (ನಮ್ಮ ಘಟ್ಟದ ಕಾಡಿನಲ್ಲಿ ತ್ರಿಫಲಾ ಚೂರ್ಣಕ್ಕೆ ಕಾಯಿ ಆರಿಸುತ್ತಾರಲ್ಲ, ಅದೇ ತಾರೆ ಮರ. ವೇದಕಾಲದಲ್ಲಿ ಆ ಕಾಯಿಯೇ ದಾಳ.) ಈ ಕತೆಯನ್ನು ಧರ್ಮರಾಯನಿಗೆ ಹೇಳಿದ್ದು ಬೃಹದಶ್ವ ಋಷಿ. ಹೇಳಿ ಸುಮ್ಮನೆ ಎದ್ದು ಹೋಗಲಿಲ್ಲ, ಆ ವಿದ್ಯೆಯನ್ನು ಅವನಿಗೂ ಕಲಿಸಿದ. ಋಷಿ ಕಲಿಸಿದರೆ ಗುರು, ಬರ್ಟ್ ರೆನಾಲ್ಡ್ಸ್ ಕಲಿಸಿದರೆ ಅಲ್ಲ ಅಂದರೆ ಹೇಗೆ?

ನನಗೆ ಆ ಮುದುಕ ಇಷ್ಟವಾಗಲು ಬೇರೆಯೇ ಕಾರಣ ಇದೆ. ಅವನು ಬರೀ ಬುದ್ಧಿ ಹೇಳುವುದಿಲ್ಲ, ಹುಡುಗನ ಆಟಕ್ಕೆ ತನ್ನ ದುಡ್ಡು ಹಾಕುತ್ತಾನೆ. ಗೆದ್ದರೆ ಪಾಲು, ಸೋತರೆ ಇವನ ಜೇಬೂ ಖಾಲಿ. ಶಿಷ್ಯ ಸೋತಾಗ ತಾನೂ ಏನಾದರೂ ಕಳೆದುಕೊಳ್ಳದವನನ್ನು ಗುರು ಅನ್ನಲು ನನಗೆ ಮನಸ್ಸು ಬರುವುದಿಲ್ಲ.

ಶಿರಸಿ ಕಡೆ ಅಡಿಕೆ ಕೊಯ್ಲಿನಲ್ಲಿ ಒಮ್ಮೆ ನೋಡಿದ್ದು. ಮರ ಹತ್ತಿ ಅಡಿಕೆಯ ಕೊನೆ (ಗೊನೆ) ಇಳಿಸುವ ವಯಸ್ಸಾದ ಕೊನೆಗೌಡ ಕೆಳಗೆ, ಅವನು ತಯಾರು ಮಾಡುತ್ತಿದ್ದ ಹುಡುಗ ಮೇಲೆ. ಕೊನೆ ಹಗ್ಗದ ಮೇಲೆ ಜಾರಿ ಸರ್ರನೆ ಕೆಳಗೆ ಬರುತ್ತಿತ್ತು. ಹುಡುಗನಿಗೆ ಹುಮ್ಮಸ್ಸು, ಮರ ತೂಗಿ ಪಕ್ಕದ ಮರಕ್ಕೆ ಕೈ ಚಾಚಿದ. ಮುದುಕ ಆ ಪಕ್ಕದ ಮರದ ಬುಡಕ್ಕೆ ಕತ್ತಿಯ ಹಿಂಬದಿಯಿಂದ ಎರಡು ಸಲ ಬಡಿದು, ಸದ್ದು ಕೇಳಿ, "ಅದು ಬೇಡ, ಇಳಿ" ಅಂದ. ಹುಡುಗ ಇಳಿದ. ಎರಡು ಕೊನೆ ಮರದಲ್ಲೇ ಉಳಿಯಿತು. ತೋಟದ ಒಡೆಯರು ಗೊಣಗಿದರು. "ನನ್ನ ಕೂಲಿಯಲ್ಲಿ ಹಿಡ್ಕೊಳ್ಳಿ ಒಡೆಯಾ" ಅಂತ ಹೇಳಿ ಅವನು ಮುಂದಿನ ಸಾಲಿಗೆ ಹೋದ. ಎಲೆ ಬಿಸಾಡುವುದು ಅಂದರೆ ಇದೇ ಅಲ್ವಾ?

ಯಕ್ಷಗಾನದಲ್ಲೂ ಹಾಗೆಯೇ ಇತ್ತು. ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಇಡಗುಂಜಿ ಮೇಳ ಕಟ್ಟಿದರು. ಅವರಿಂದ ಮಗ ಶಂಭು ಹೆಗಡೆ, ಅವರಿಂದ ಶಿವಾನಂದ ಹೆಗಡೆ. ಮೇಳ ಸೇರಿದ ಹುಡುಗ ಆಟದ ಆರಂಭದ ಕೋಡಂಗಿ ವೇಷ ಕುಣಿದು, ಬಾಲಗೋಪಾಲ ಕುಣಿದು ನಿಧಾನಕ್ಕೆ ಮೇಲೆ ಬರಬೇಕಿತ್ತು. ಅಲ್ಲಿಯವರೆಗೆ ಅವನ ಊಟ ಮೇಳದ್ದೇ, ಅವನು ತಾಳ ತಪ್ಪಿದರೆ ಮಾನ ಹೋಗುವುದೂ ಮೇಳದ್ದೇ.

ಈಗ? ಎರಡು ತಾಸಿನ ವ್ಯಕ್ತಿತ್ವ ವಿಕಸನ ಶಿಬಿರ. ಬಂದವರು ಪರದೆಯ ಮೇಲೆ ಚಿತ್ರ ತೋರಿಸಿ, ಮಕ್ಕಳ ಕೈಯಲ್ಲಿ ಚಪ್ಪಾಳೆ ಹೊಡೆಸಿ, ಶಾಲು ಹೊದ್ದು, ಕಾರು ಹತ್ತುತ್ತಾರೆ. ಆ ಮಕ್ಕಳು ನಾಳೆ ಫೇಲಾದರೆ ಇವರದ್ದೇನು ಹೋಯಿತು? ಇನ್ನು ನಮ್ಮ ಹಿರಿಯರು. ಕುಣಿತವಿಲ್ಲದೆ ಕೂತೇ ಆಡುವ ತಾಳಮದ್ದಳೆಗೆ ಹೋದರೆ, ಪಾತ್ರದ ಮಾತಾಡುವ ಹುಡುಗ ಅರ್ಥಧಾರಿಗೆ ಸಿಗುವುದು ಹತ್ತು ನಿಮಿಷ, ಉಳಿದದ್ದೆಲ್ಲ ಹಿರಿಯರ ಬಾಯಿಗೆ. ಕೊನೆಗೆ ಮೈಕಿನಲ್ಲಿ "ಯುವಕರು ಮುಂದೆ ಬರುತ್ತಿಲ್ಲ" ಅಂತ ಬೇಸರ ಬೇರೆ. ಬಂದವನನ್ನು ಕೂರಿಸಲು ಜಾಗ ಎಲ್ಲಿ ಬಿಟ್ಟಿದ್ದೀರಿ ಸ್ವಾಮಿ? ಕೊನೆಗೌಡರು ಸಿಗುವುದಿಲ್ಲ ಅಂತ ಸಭೆ ಮಾಡುವವರೂ ಇದ್ದಾರೆ. ಕಲಿಯುವ ಹುಡುಗನಿಗೆ ಒಂದು ಹಂಗಾಮಿನ ಕೂಲಿ ಕೊಡೋಣ ಅಂತ ಆ ಸಭೆಯಲ್ಲಿ ಯಾರೂ ಎದ್ದು ನಿಂತದ್ದನ್ನು ನಾನು ಕಂಡಿಲ್ಲ. ನೆಲದಲ್ಲೇ ನಿಂತು ಕೊನೆ ಕೊಯ್ಯುವ ಉದ್ದದ ದೋಟಿಗೆ ಸಬ್ಸಿಡಿ ಎಷ್ಟು ಅಂತ ಮಾತ್ರ ಎಲ್ಲರೂ ಕೇಳುತ್ತಾರೆ.

ಎಲ್ಲಿಂದೆಲ್ಲಿಗೋ ಹೋದೆ. ಅಕ್ಕೋರೇ, ಅರ್ಧ ಪಾಠ ಓದಿ ಉತ್ತರ ಬರೆದ ಹುಡುಗನನ್ನು ನೀವು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದಿರಿ, ಅಲ್ವಾ? ಉಳಿದರ್ಧ ನೋಡಿ. ಕೊನೆಯಲ್ಲಿ ಗುರು, ಶಿಷ್ಯ ಒಂದೇ ಮೇಜಿನಲ್ಲಿ ಎದುರುಬದುರಾಗುತ್ತಾರೆ. ಮುಂದಿನದನ್ನು ನಾನು ಹೇಳುವುದಿಲ್ಲ. ನೋಡಿಯೂ ಸಿಟ್ಟು ಇಳಿಯದಿದ್ದರೆ ಬೈದು ಬರೆಯಿರಿ, ಅಚ್ಚು ಹಾಕುತ್ತೇವೆ.

ಮತ್ತೊಂದು. ಪತ್ರದ ಎರಡನೇ ಪುಟದಲ್ಲಿ ನಾಲ್ಕು ಸಾಲು ಬರೆದು ಹೊಡೆದು ಹಾಕಿದ್ದೀರಿ. ಗೀಟಿನ ಕೆಳಗೆ ಓದಲು ಬರುತ್ತದೆ. ಲೆಕ್ಕದಲ್ಲಿ ಫೇಲಾದ ಹುಡುಗನನ್ನು ಒಂದು ಮಳೆಗಾಲ ಪೂರ್ತಿ ಮನೆಯಲ್ಲಿಟ್ಟುಕೊಂಡು, ಊಟ ಹಾಕಿ, ಪರೀಕ್ಷೆಯ ಫೀಸನ್ನೂ ನೀವೇ ಕಟ್ಟಿದ್ದು. ಅದನ್ನು ಯಾಕೆ ಹೊಡೆದಿರಿ? ಅದೇ ಲೇಖನ ಮಾಡಿ ಕಳಿಸಿ. 20ನೇ ತಾರೀಕಿನ ಒಳಗೆ ಕೈ ಸೇರಿದರೆ ಮುಂದಿನ ಸಂಚಿಕೆಯಲ್ಲೇ ಬರುತ್ತದೆ.

– ಸಂ.